ಸುಣ್ಣಕಲ್ಲಿನ ನೆಲ ಹೇಗೆ ರೂಪುಗೊಳ್ಳುತ್ತದೆ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಂಧ್ರದ ಬೆಲಂ, ಬೊರ್ರಾ ಗುಹೆ ನೋಡಿ ಬಂದವರು, ತೋಟಕ್ಕೆ ಸುಣ್ಣ ಹಾಕಿಸುವವರು, ಶಾಲೆಯ ಮಕ್ಕಳು, ಅವರ ಮೇಷ್ಟ್ರುಗಳು ಮಾತಿನ ನಡುವೆಯೋ ಕಾಗದ ಬರೆದೋ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ಬೇಕಾದ್ದನ್ನಷ್ಟೇ ಓದಿಕೊಂಡರೂ ಅರ್ಥವಾಗುತ್ತದೆ.

## ಮೊದಲು ಕಲ್ಲಿನ ವಿಚಾರ

ಸುಣ್ಣಕಲ್ಲು ಅಂದ್ರೆ ಏನು? ಎಲೆ ಅಡಿಕೆಗೆ ಹಾಕೋ ಸುಣ್ಣಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ. ಸುಣ್ಣಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಅದನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಬಿಸಿಯಾಗಿ, ಅರಳಿದ ಸುಣ್ಣವಾಗುತ್ತದೆ. ಮುಂಗಾರಿಗೆ ಮೊದಲು ಕಾಳುಮೆಣಸಿಗೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ, ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣದ ಮಿಶ್ರಣದಲ್ಲಿ, ಇರುವುದೂ ಇದೇ. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಂಡು ಗಟ್ಟಿಯಾಗುತ್ತದೆ. ಲೆಕ್ಕಕ್ಕೆ ಅದು ಮರಳಿ ಸುಣ್ಣಕಲ್ಲೇ ಆಯಿತು.

ಸುಣ್ಣಕಲ್ಲೆಲ್ಲ ಸಮುದ್ರದ ಚಿಪ್ಪಿನಿಂದ ಆದದ್ದಂತೆ, ಹೌದಾ?

ಅರ್ಧ ನಿಜ. ಚಿಪ್ಪು, ಹವಳ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಕವಚ ಇವೆಲ್ಲ ಬೆಚ್ಚಗಿನ, ಆಳವಿಲ್ಲದ ಸಮುದ್ರದ ತಳದಲ್ಲಿ ಬಿದ್ದು, ಒತ್ತಿಕೊಂಡು ಕಲ್ಲಾಗುವುದು ಸಾಮಾನ್ಯ. ಕಾವೇರಿಯ ಕೆಳದಂಡೆಯಾಚೆ, ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನಲ್ಲಿ ಅಂಥ ಚಿಪ್ಪುಗಳು ಹೇರಳ. ಆದರೆ ನಮ್ಮ ರಾಜ್ಯದ ದೊಡ್ಡ ಸುಣ್ಣಕಲ್ಲಿನ ಪ್ರದೇಶಗಳಾದ ಬಾಗಲಕೋಟೆ ಕಡೆಯ ಕಲಾದಗಿ ಸ್ತರಗಳೂ ಕಲಬುರಗಿ ಕಡೆಯ ಭೀಮಾ ಸ್ತರಗಳೂ ಭೂಮಿಯ ಮೇಲೆ ಚಿಪ್ಪಿನ ಪ್ರಾಣಿ ಹುಟ್ಟುವುದಕ್ಕೆ ಮೊದಲಿನವು. ಅಲ್ಲಿ ಕೆಲಸ ಮಾಡಿದ್ದು ಸಮುದ್ರದ ನೀರಿನ ರಸಾಯನ ಮತ್ತು ಪಾಚಿಯಂತೆ ಪದರ ಕಟ್ಟುವ ಸೂಕ್ಷ್ಮಜೀವಿಗಳು. ಶಹಾಬಾದ್ ಕಲ್ಲಿನ ನೆಲದಲ್ಲಿ ಚಿಪ್ಪು ಹುಡುಕಿ ಪ್ರಯೋಜನವಿಲ್ಲ.

ಕೊಡಗಿನಲ್ಲಿ ಸುಣ್ಣಕಲ್ಲು ಇದೆಯಾ? ಗುಡ್ಡ ಕಡಿದಾಗ ಬಿಳೀ ಮಣ್ಣು ಸಿಗುತ್ತಲ್ಲ?

ಭೂದೃಶ್ಯ ಕಟ್ಟುವಷ್ಟು ಸುಣ್ಣಕಲ್ಲು ಕೊಡಗಿನಲ್ಲಿ ಇಲ್ಲ. ಇಲ್ಲಿಯ ತಳ ನೈಸ್ ಮತ್ತು ಚಾರ್ನೊಕೈಟ್ ಎಂಬ ಗಟ್ಟಿ ಕಲ್ಲುಗಳದ್ದು. ಬಹುಪಾಲು 300 ಕೋಟಿ ವರ್ಷಕ್ಕೂ ಹಳೆಯವು. ಭೂವಿಜ್ಞಾನಿಗಳು ಇದನ್ನು ಕೂರ್ಗ್ ಬ್ಲಾಕ್ ಎಂದು ಪ್ರತ್ಯೇಕವಾಗಿಯೇ ಗುರುತಿಸುತ್ತಾರೆ. ಅದರ ಅಂಚಿನಲ್ಲಿ ಕಲ್ಲು ಕಲ್ಲಿಗೆ ಉಜ್ಜಿ ಜರುಗಿದ ಪಟ್ಟಿಗೆ ಮರ್ಕೆರಾ ಶಿಯರ್ ವಲಯ ಎಂದು ಮಡಿಕೇರಿಯ ಹಳೆಯ ಹೆಸರನ್ನೇ ಇಟ್ಟಿದ್ದಾರೆ.

ರಸ್ತೆಗೆ ಗುಡ್ಡ ಕಡಿದ ಕಡೆ, ಕೆಂಪು ಮಣ್ಣಿನ ಕೆಳಗೆ ಕಾಣುವ ಬಿಳಿ ಅಥವಾ ನಸುಗುಲಾಬಿ ಪದರ ಸುಣ್ಣವಲ್ಲ. ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಕೊಳೆತು ಆದ ಜೇಡಿ ಅದು. ಚಿಟಿಕೆ ತೆಗೆದು ಒದ್ದೆ ಬೆರಳಲ್ಲಿ ಉಜ್ಜಿ ನೋಡಿ, ನುಣ್ಣಗೆ ಜಾರುತ್ತದೆ, ನಡುವೆ ಕ್ವಾರ್ಟ್ಜ್ ಕಾಳು ಕರಕರ ಎನ್ನುತ್ತದೆ. ಮೇಲೆ ನಿಂಬೆರಸ ಅಥವಾ ವಿನೆಗರ್ ಬಿಟ್ಟರೆ ಸುಮ್ಮನೆ ಹೀರಿಕೊಳ್ಳುತ್ತದೆ. ಸುಣ್ಣಕಲ್ಲಿನ ಪುಡಿಯಾದರೆ ಸಣ್ಣ ಗುಳ್ಳೆಗಳೆದ್ದು ಚುರುಗುಟ್ಟುತ್ತದೆ. ಈ ಪರೀಕ್ಷೆಗೆ ಖರ್ಚಿಲ್ಲ. ಜೇಡಿಯನ್ನು ಸುಣ್ಣವೆಂದು ತೋಟಕ್ಕೆ ಎರಚಿದವರು ಇದನ್ನು ಮೊದಲೇ ಮಾಡಬಹುದಿತ್ತು.

## ಕರಗುವ ಬಗೆ

ಕಲ್ಲು ನೀರಲ್ಲಿ ಕರಗುತ್ತೆ ಅಂದ್ರೆ ನಂಬೋದು ಹೇಗೆ?

ಬರೀ ನೀರಿಗೆ ಅಷ್ಟು ಶಕ್ತಿಯಿಲ್ಲ. ಕಾರ್ಬನ್ ಡೈಆಕ್ಸೈಡ್ ಸೋಕದ ಶುದ್ಧ ನೀರು ಲೀಟರಿಗೆ ಹದಿನಾಲ್ಕು ಮಿಲಿಗ್ರಾಂ ಸುಣ್ಣಕಲ್ಲು ಕರಗಿಸಿದರೆ ಹೆಚ್ಚು. ಮಳೆಹನಿ ಗಾಳಿಯಲ್ಲಿ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಹೀರಿ ಸ್ವಲ್ಪ ಆಮ್ಲವಾಗುತ್ತದೆ, ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.6ರ ಆಸುಪಾಸು. ಆಗ ಲೀಟರಿಗೆ 50ರಿಂದ 60 ಮಿಲಿಗ್ರಾಂ. ನಿಜವಾದ ಕಸುವು ಸಿಗುವುದು ಮಣ್ಣಿನಲ್ಲಿ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 0.04ರಷ್ಟು. ಬೇರು ಉಸಿರಾಡುವ, ಎಲೆ ಕೊಳೆಯುವ ಮಣ್ಣಿನೊಳಗಿನ ಗಾಳಿಯಲ್ಲಿ ಅದು ಶೇ 1 ದಾಟುವುದು ಮಾಮೂಲು. ಅಂಥ ಮಣ್ಣಿನಲ್ಲಿ ಹಾದ ನೀರು ಲೀಟರಿಗೆ 200–300 ಮಿಲಿಗ್ರಾಂ ಕಲ್ಲನ್ನು ಬೈಕಾರ್ಬೊನೇಟ್ ರೂಪದಲ್ಲಿ ಹೊತ್ತೊಯ್ಯುತ್ತದೆ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ.

ಕಣ್ಣಾರೆ ನೋಡಬೇಕೆಂದರೆ ಎಲೆ ಅಡಿಕೆಯ ಸುಣ್ಣ ಒಂದು ಚಿಟಿಕೆ ಸಾಕು. ಲೋಟದ ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಅಲುಗಿಸದೆ ಬಗ್ಗಿಸಿಕೊಳ್ಳಿ. ಬೆಳಿಗ್ಗೆ ಅದರ ಮೇಲೆ ತೆಳ್ಳನೆ ಪೊರೆ ಕಟ್ಟಿರುತ್ತದೆ, ಬೆರಳು ತಾಗಿಸಿದರೆ ಚೂರಾಗಿ ಒಡೆಯುತ್ತದೆ. ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಗಾಳಿ ಸೋಕಿ ಹುಟ್ಟಿದ ಕಲ್ಲು. ಈಗ ಆ ತಿಳಿಗೆ ಕೊಳವೆಯಿಂದ ಉಸಿರು ಊದಿ. ಮೊದಲು ಹಾಲಿನಂತೆ ಬೆಳ್ಳಗಾಗುತ್ತದೆ. ಬಿಡದೆ ಊದಿದರೆ ನಿಧಾನಕ್ಕೆ ಮತ್ತೆ ತಿಳಿಯಾಗುತ್ತದೆ, ಹುಟ್ಟಿದ ಕಲ್ಲು ಕರಗಿತು. ಎರಡನೆಯ ಹಂತಕ್ಕೆ ತಾಳ್ಮೆ ಬೇಕು, ತಿಳಿಗೆ ಅಷ್ಟೇ ನೀರು ಬೆರೆಸಿಕೊಂಡರೆ ಬೇಗ ಆಗುತ್ತದೆ. ಮಕ್ಕಳಿಗೆ ಊದಲು ಹೇಳಿ, ಹೀರಲು ಬಿಡಬೇಡಿ.

ನಮ್ಮಲ್ಲಿ ಇಷ್ಟು ಮಳೆ ಹೊಡೆದ್ರೂ ಯಾಕೆ ಅಂಥ ಗುಹೆ ಇಲ್ಲ?

ಕೊಡಗಿನವರು ಕೇಳಲೇಬೇಕಾದ ಪ್ರಶ್ನೆ ಇದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ, ಭಾಗಮಂಡಲದ ಕಡೆ ಅದಕ್ಕೂ ಹೆಚ್ಚು. ಕಾಡಿದೆ, ಎಲೆ ಕೊಳೆತ ಹುಳಿ ಮಣ್ಣಿದೆ. ಸುಣ್ಣಕಲ್ಲು ಕರಗಿಸಲು ಏನೇನು ಬೇಕೋ ಎಲ್ಲ ಇದೆ, ಕಲ್ಲೊಂದನ್ನು ಬಿಟ್ಟು.

ನಮ್ಮ ಚಾರ್ನೊಕೈಟ್, ನೈಸ್ ಕೂಡ ಇದೇ ಹುಳಿ ನೀರಿಗೆ ಕೊಳೆಯುತ್ತವೆ. ವ್ಯತ್ಯಾಸ ಇರುವುದು ಕೊಳೆತ ಮೇಲೆ ಏನು ಉಳಿಯುತ್ತದೆ ಎಂಬುದರಲ್ಲಿ. ಗಟ್ಟಿ ಕಲ್ಲಿನ ಒಂದು ಪಾಲು ಮಾತ್ರ ನೀರಿನೊಂದಿಗೆ ಹೋಗುತ್ತದೆ. ಉಳಿದದ್ದು ಜೇಡಿ, ಕಬ್ಬಿಣದ ತುಕ್ಕು, ಕ್ವಾರ್ಟ್ಜ್ ಮರಳಾಗಿ ಅಲ್ಲಿಯೇ ಕೂರುತ್ತದೆ. ಬಿರುಕು ಅಗಲವಾಗುವ ಮುಂಚೆ ತನ್ನ ಮಣ್ಣಿನಿಂದ ತಾನೇ ಮುಚ್ಚಿಕೊಳ್ಳುತ್ತದೆ. ಶುದ್ಧ ಸುಣ್ಣಕಲ್ಲು ಹಾಗಲ್ಲ. ಅದು ಹೆಚ್ಚುಕಡಿಮೆ ಪೂರ್ತಿ ನೀರಿನಲ್ಲಿ ಹೊರಟುಹೋಗುತ್ತದೆ, ಹಿಂದೆ ಬಿಡುವುದು ಒಂದು ತೆಳು ಕೆಂಪು ಮಣ್ಣು. ಬಿರುಕು ತೆರೆದೇ ಇರುತ್ತದೆ, ಹೆಚ್ಚು ನೀರು ಬರುತ್ತದೆ, ಹೆಚ್ಚು ನೀರು ಬಂದಷ್ಟೂ ಅಗಲವಾಗುತ್ತದೆ. ಗುಹೆ ಹುಟ್ಟುವುದು ಈ ಸುತ್ತಿನಿಂದ.

ಹೀಗಾಗಿ ಎರಡು ನಾಡುಗಳ ಚಹರೆಯೇ ತದ್ವಿರುದ್ಧ. ನಮ್ಮಲ್ಲಿ ಗುಡ್ಡದ ಮೇಲೆ ಹತ್ತಾರು ಅಡಿ ಮಣ್ಣು, ಪ್ರತಿ ಕೊಲ್ಲಿಯಲ್ಲೂ, ಅಂದರೆ ಸಣ್ಣ ತೊರೆಯಲ್ಲೂ, ಹರಿಯುವ ನೀರು. ಸುಣ್ಣಕಲ್ಲಿನ ನಾಡಿನಲ್ಲಿ ಮಣ್ಣು ತೆಳು, ಮೇಲೆ ಹೊಳೆಯೇ ಇಲ್ಲ, ನೀರೆಲ್ಲ ಒಳಗೆ.

ಇಷ್ಟೆಲ್ಲ ಆಗೋಕೆ ಎಷ್ಟು ವರ್ಷ ಬೇಕು?

ಮಳೆಯಿರುವ ಕಡೆ ಸುಣ್ಣಕಲ್ಲಿನ ಮೈ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ತಗ್ಗುತ್ತದೆ. ಕೂದಲೆಳೆಯ ಬಿರುಕು ಮನುಷ್ಯ ನುಸುಳುವಷ್ಟು ಅಗಲವಾಗಲು ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ವರ್ಷ.

## ನೆಲದ ಮೇಲೆ ಕಾಣುವುದು

ಕಾರ್ಸ್ಟ್ ಅಂತಾರಲ್ಲ, ಅಲ್ಲಿಗೆ ಹೋದ್ರೆ ಕಣ್ಣಿಗೆ ಏನು ಕಾಣುತ್ತೆ?

ಕರಗಿ ರೂಪುಗೊಂಡ ನೆಲಕ್ಕೆ ಕಾರ್ಸ್ಟ್ ಎಂಬ ಹೆಸರು ಬಂದದ್ದು ಸ್ಲೊವೇನಿಯಾ–ಇಟಲಿ ಗಡಿಯ ಒಂದು ಪ್ರಸ್ಥಭೂಮಿಯಿಂದ. ಸರ್ಬಿಯಾದ ಭೂಗೋಳಶಾಸ್ತ್ರಜ್ಞ ಯೊವಾನ್ ಸ್ವಿಯಿಚ್ 1893ರಲ್ಲಿ ಇಂಥ ನೆಲದ ಅಧ್ಯಯನಕ್ಕೆ ಅಡಿಪಾಯ ಹಾಕಿದರು.

ಮೊದಲು ಕಣ್ಣಿಗೆ ಬೀಳುವುದು ಬಂಡೆಯ ಮೈ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಮಾಲಂನಲ್ಲಿ ಬರಿ ಸುಣ್ಣಕಲ್ಲಿನ ಹಾಸು, ನಡುನಡುವೆ ಮಂಡಿಯವರೆಗೆ, ಕೆಲವೆಡೆ ಅದಕ್ಕೂ ಆಳದ ಸೀಳು. ಸೀಳಿನ ತಂಪಿನಲ್ಲಿ ಜರೀಗಿಡ. ಬಿಸಿ ನಾಡುಗಳಲ್ಲಿ ಈ ಸೀಳುಗಳು ಎಷ್ಟೋ ಮೀಟರ್ ಆಳಕ್ಕೆ ಇಳಿದು, ನಡುವಿನ ಕಲ್ಲು ಕತ್ತಿಯ ಅಲಗಿನಂತೆ ಉಳಿಯುತ್ತದೆ. ಮಡಗಾಸ್ಕರ್‌ನ ತ್ಸಿಂಗಿ, ಚೀನಾದ ಯುನ್ನಾನಿನ ಕಲ್ಲುಕಾಡು ಹಾಗೆ ಆದವು.

ಆಮೇಲೆ ಕುಳಿಗಳು. ಬಟ್ಟಲಿನಾಕಾರದ ತಗ್ಗಿಗೆ ಡೊಲೈನ್ ಎನ್ನುತ್ತಾರೆ. ಕೆಲವು ನಿಧಾನ ಕರಗಿ ತಗ್ಗಾದವು, ಕೆಲವು ಕೆಳಗಿನ ಗುಹೆಯ ಚಾವಣಿ ಕುಸಿದು ಆದವು. ಮೆಕ್ಸಿಕೊದ ಯುಕಟಾನ್‌ನಲ್ಲಿ ಅಂಥ ಕುಸಿತಗಳಲ್ಲಿ ಅಂತರ್ಜಲ ತುಂಬಿ ನೀಲಿ ಬಾವಿಗಳಾಗಿವೆ. ಹಳೆಯ ಮಾಯಾ ಜನರ ಊರುಗಳಿಗೆ ನೀರಿನಾಸರೆ ಅವೇ, ಯಾಕೆಂದರೆ ಅಲ್ಲಿ ಮೇಲೆ ಹರಿಯುವ ನದಿಯಿಲ್ಲ. ಇನ್ನೂ ದೊಡ್ಡವು ಪೋಲ್ಯೆಗಳು, ಕಿಲೋಮೀಟರುಗಟ್ಟಲೆ ಉದ್ದದ, ಸುತ್ತ ಗುಡ್ಡವಿರುವ ಚಪ್ಪಟೆ ಬಯಲು. ಮಳೆಗಾಲದಲ್ಲಿ ಅವು ಕೆರೆ, ಬೇಸಿಗೆಯಲ್ಲಿ ಹೊಲ.

ನನಗೆ ಹೆಚ್ಚು ವಿಚಿತ್ರವೆನಿಸುವುದು ನದಿಗಳ ಕಥೆ. ಸ್ಲೊವೇನಿಯಾದ ರೇಕಾ ನದಿ ಶ್ಕೊಸಿಯಾನ್ ಗುಹೆಯ ಬಾಯಿಗೆ ಹೊಕ್ಕು ಕಾಣೆಯಾಗುತ್ತದೆ. 30ಕ್ಕೂ ಹೆಚ್ಚು ಕಿಲೋಮೀಟರ್ ನೆಲದಡಿ ಸಾಗಿ ಇಟಲಿಯಲ್ಲಿ ಸಮುದ್ರದ ಹತ್ತಿರ ತಿಮಾವೊ ಎಂಬ ಹೆಸರಿನಲ್ಲಿ ಉಕ್ಕಿ ಬರುತ್ತದೆ. ನದಿ ಒಳಗೆ ಹೋದ ಮೇಲೆ ಅದರ ಹಳೆಯ ಕಣಿವೆ ಮೇಲೆ ಒಣಗಿ ಉಳಿಯುವುದೂ ಉಂಟು.

ಯಾಣದ ಬಂಡೆ ಹಾಗೆ ಎದ್ದು ನಿಂತಿರೋದು ಯಾಕೆ?

ಕುಮಟಾ ತಾಲೂಕಿನ ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ಅಲ್ಲಿಯದು ಹರಳುಗಟ್ಟಿದ ಕಪ್ಪು ಸುಣ್ಣಕಲ್ಲು. ನೆಟ್ಟಗಿನ ಬಿರುಕುಗಳ ಗುಂಟ ನೀರು ಇಳಿದು ಅಕ್ಕಪಕ್ಕದ ಕಲ್ಲು ಹೋದ ಮೇಲೆ, ಬಿರುಕು ಕಡಿಮೆಯಿದ್ದ ಭಾಗ ಗೋಪುರದಂತೆ ಉಳಿಯುತ್ತದೆ. ಚೀನಾದ ಗುಯಿಲಿನ್, ವಿಯೆಟ್ನಾಂನ ಹಾ ಲಾಂಗ್ ಕೊಲ್ಲಿಯ ಗೋಪುರಗಳ ಹಿಂದಿರುವುದೂ ಬಹುಮಟ್ಟಿಗೆ ಇದೇ ತತ್ವ. ಹೋಲಿಕೆಗೆ ದೂರ ಹೋಗಬೇಕಾಗಿಲ್ಲ, ಕೊಡಗಿನಿಂದ ಹೊರಟರೆ ಹತ್ತಿರದಲ್ಲಿ ಸಿಗುವ ಒಳ್ಳೆಯ ಪಾಠ ಯಾಣವೇ.

ನಮ್ಮ ಹೊಳೆ ಬಂಡೆಯಲ್ಲಿ ದುಂಡನೆ ಗುಂಡಿಗಳಿವೆ. ಅವೂ ಕರಗಿ ಆದದ್ದಾ?

ಅಲ್ಲ, ಅರೆದು ಆದದ್ದು. ಸುಳಿಯಲ್ಲಿ ಸಿಕ್ಕ ಗುಂಡುಕಲ್ಲು ಮಳೆಗಾಲಗಟ್ಟಲೆ ತಿರುಗಿ ಬಂಡೆ ಕೊರೆದಿರುತ್ತದೆ. ಬೇಸಿಗೆಯಲ್ಲಿ ಕೈ ಹಾಕಿ ನೋಡಿ, ಎಷ್ಟೋ ಗುಂಡಿಗಳ ತಳದಲ್ಲಿ ಆ ಕಲ್ಲು ಇನ್ನೂ ಇರುತ್ತದೆ.

ತಲಕಾವೇರಿಯಲ್ಲಿ ಕಾವೇರಿ ಗುಪ್ತಗಾಮಿನಿಯಾಗಿ ಹರಿದು ಕೆಳಗೆ ಕಾಣಿಸ್ಕೊಳ್ಳುತ್ತಾಳಂತೆ. ಕೆಳಗೆ ಸುಣ್ಣಕಲ್ಲಿನ ಗುಹೆ ಇದೆಯಾ?

ಗುಹೆಯಿಲ್ಲ. ಬ್ರಹ್ಮಗಿರಿಯ ತಳದಲ್ಲಿರುವುದೂ ಗಟ್ಟಿ ಕಲ್ಲೇ. ಮೇಲಿನ ಕೊಳೆತ ಮಣ್ಣಿನ ಪದರ ಹತ್ತಿ ಮೂಟೆಯಂತೆ ಮಳೆ ನೀರನ್ನು ಹಿಡಿದಿಟ್ಟು, ತಳಬಂಡೆಯ ಮೇಲ್ಮೈ ಮತ್ತು ಬಿರುಕುಗಳ ಗುಂಟ ನಿಧಾನ ಬಿಡುತ್ತದೆ. ಇಳಿಜಾರು ತಗ್ಗಿದ ಕಡೆ ಅದು ಒರತೆಯಾಗಿ ಹೊರಗೆ ಬರುತ್ತದೆ. ಕೊಡಗಿನ ಬಹುತೇಕ ಒರತೆಗಳು ಬೇಸಿಗೆಯಲ್ಲೂ ಜಿನುಗುವುದು ಈ ಕಾರಣಕ್ಕೆ. ನೀರು ನೆಲದಡಿ ಸಾಗುತ್ತದೆ ಎಂಬ ಮಾತು ಅಷ್ಟರ ಮಟ್ಟಿಗೆ ಸರಿ, ಆದರೆ ಅದು ರೇಕಾದಂತೆ ಸುರಂಗದಲ್ಲಿ ಭೋರ್ಗರೆಯುವ ನದಿಯಲ್ಲ. ತುಲಾ ಸಂಕ್ರಮಣದ ತೀರ್ಥೋದ್ಭವ ನಂಬಿಕೆಯ ವಿಷಯ. ಅದನ್ನು ಕಲ್ಲಿನ ಲೆಕ್ಕದಿಂದ ಅಳೆಯಲು ನಾನು ಹೋಗುವುದಿಲ್ಲ.

## ನೆಲದ ಒಳಗೆ

ಬೆಲಂ ಕಡೆ ಮಳೆಯೇ ಕಡಿಮೆ. ಅಲ್ಲಿ ಅಷ್ಟು ದೊಡ್ಡ ಗುಹೆ ಹೇಗಾಯ್ತು?

ಇವತ್ತಿನ ಹವೆಯಿಂದ ಆದ ಗುಹೆಯಲ್ಲ ಅದು. ಗುಹೆಗಳು ಸಾಮಾನ್ಯವಾಗಿ ಎರಡು ಹಂತದಲ್ಲಿ ಬೆಳೆಯುತ್ತವೆ. ಮೊದಲ ಹಂತದಲ್ಲಿ ಬಿರುಕು ಪೂರ್ತಿ ಅಂತರ್ಜಲದಲ್ಲಿ ಮುಳುಗಿರುತ್ತದೆ. ನೀರು ಮೇಲೆ, ಕೆಳಗೆ, ಪಕ್ಕಕ್ಕೆ ಸಮನಾಗಿ ಕರಗಿಸುವುದರಿಂದ ದಾರಿ ದುಂಡಗಿನ ಕೊಳವೆಯಾಗುತ್ತದೆ. ಆಮೇಲೆ ಹತ್ತಿರದ ನದಿ ತನ್ನ ಕಣಿವೆಯನ್ನು ಆಳ ಮಾಡಿಕೊಂಡಾಗ ಅಂತರ್ಜಲದ ಮಟ್ಟ ಇಳಿದು, ಕೊಳವೆಗೆ ಗಾಳಿ ಬರುತ್ತದೆ. ಆಗ ನೀರು ತಳವನ್ನಷ್ಟೇ ಕೊರೆಯುತ್ತದೆ. ನೀರು ಪೂರ್ತಿ ಕೆಳಗಿಳಿದ ಮೇಲೆ ಒಣ ಗುಹೆ ಉಳಿಯುತ್ತದೆ, ನಾವು ಟಿಕೆಟ್ ತಗೊಂಡು ಒಳಗೆ ಹೋಗುತ್ತೇವೆ.

ಆಂಧ್ರದ ನಂದ್ಯಾಲ ಜಿಲ್ಲೆಯ ಬೆಲಂ ಗುಹೆಯ ಉದ್ದ 3,229 ಮೀಟರ್, ಜನರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಅದನ್ನು ದಾಖಲಿಸಿದರು. ಒಳಗೆ ಹೋದಾಗ ದೀಪದ ಬಣ್ಣ ನೋಡುವ ಮೊದಲು ಗೋಡೆ ನೋಡಿ. ಹರಿದ ನೀರು ಉಜ್ಜಿ ನುಣುಪು ಮಾಡಿದ ಬಾಗುಗಳು ಕೈಗೆ ಸಿಗುತ್ತವೆ.

ಚಾವಣಿಯಿಂದ ಇಳಿಬಿದ್ದ ಕಂಬಗಳು ನೀರು ಆರಿ ಆದದ್ದಲ್ವಾ?

ಮುಖ್ಯ ಕಾರಣ ಆರುವುದಲ್ಲ. ಗುಹೆಯೊಳಗಿನ ಗಾಳಿ ಎಷ್ಟೋ ಕಡೆ ಪೂರ್ತಿ ತೇವದ್ದು, ಅಲ್ಲಿ ನೀರು ಆರುವುದೇ ಕಷ್ಟ. ಮಣ್ಣಿನಲ್ಲಿ ಹೇರಳ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ಬಂದ ಹನಿ, ಅದು ಕಡಿಮೆಯಿರುವ ಗುಹೆಯ ಗಾಳಿಗೆ ತೆರೆದುಕೊಂಡಾಗ ಅನಿಲವನ್ನು ಬಿಟ್ಟುಕೊಡುತ್ತದೆ. ಆಗ ಕಲ್ಲನ್ನು ಕರಗಿದ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಹನಿಯ ಅಂಚಿನಲ್ಲಿ ಒಂದು ಬಳೆ ಕೂರುತ್ತದೆ, ಬಳೆಯ ಕೆಳಗೆ ಮತ್ತೊಂದು ಬಳೆ. ಹೀಗೆ ಟೊಳ್ಳು ಕೊಳವೆ ಇಳಿಯುತ್ತದೆ. ಕೊಳವೆ ಕಟ್ಟಿಕೊಂಡರೆ ನೀರು ಹೊರಮೈಯಲ್ಲಿ ಹರಿದು ದಪ್ಪವಾಗುತ್ತದೆ. ನೆಲಕ್ಕೆ ಬಿದ್ದ ಹನಿ ಕೆಳಗಿನಿಂದ ಮೊಂಡು ಕಂಬ ಎಬ್ಬಿಸುತ್ತದೆ.

ಬೆಳವಣಿಗೆ ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಮುಟ್ಟಬೇಡಿ ಎನ್ನುವುದು ಸುಮ್ಮನೆ ಅಲ್ಲ. ಕೈಯ ಜಿಡ್ಡು ಹತ್ತಿದ ಕಡೆ ನೀರು ಅಂಟದೆ ಜಾರಿ, ಆ ಜಾಗದ ಬೆಳವಣಿಗೆ ಕೆಡುತ್ತದೆ.

ಕಲಬುರಗಿಯಲ್ಲಿ ನೀರು ಕಾಯಿಸಿದ ಪಾತ್ರೆಗೆ ಬಿಳಿ ಕಟ್ಟುತ್ತೆ, ಮಡಿಕೇರಿಯಲ್ಲಿ ಯಾಕಿಲ್ಲ?

ಭೀಮಾ ಸ್ತರಗಳ ಸುಣ್ಣಕಲ್ಲಿನಿಂದ ಬಂದ ಬಾವಿ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಇರುತ್ತದೆ. ಕುದಿಸಿದಾಗ ಅನಿಲ ಹೋಗಿ ಕಲ್ಲು ತಳ ಹಿಡಿಯುತ್ತದೆ. ಮಡಿಕೇರಿಯ ನೀರು ಮೃದು, ಕರಗಿಸಿಕೊಳ್ಳಲು ಅದಕ್ಕೆ ಸುಣ್ಣಕಲ್ಲು ಸಿಕ್ಕಿಯೇ ಇಲ್ಲ. ಇಲ್ಲಿ ಸಾಬೂನು ಬೇಗ ನೊರೆ ಬರುವುದೂ ಅದಕ್ಕೇ.

## ಇನ್ನೂ ಆಳದ ಪ್ರಶ್ನೆಗಳು

2018ರಲ್ಲಿ ಗುಡ್ಡ ಕುಸಿದದ್ದು ಸಿಂಕ್‌ಹೋಲ್ ಥರದ್ದಾ? ನಮ್ಮ ಮನೆ ಕೆಳಗೆ ನೆಲ ಬಾಯಿ ಬಿಡಬಹುದಾ?

ಅದು ಬೇರೆಯೇ ಜಾತಿಯ ಅಪಾಯ. ಸಿಂಕ್‌ಹೋಲ್ ಎಂದರೆ ಕೆಳಗಿನ ಟೊಳ್ಳಿಗೆ ನೆಲ ನೆಟ್ಟಗೆ ಇಳಿಯುವುದು. 1981ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದ ವಿಂಟರ್ ಪಾರ್ಕಿನಲ್ಲಿ ಹಾಗೆ ಒಂದು ಮನೆ, ಕಾರುಗಳು, ಈಜುಕೊಳದ ಭಾಗ ಎಲ್ಲ ಒಳಗೆ ಹೋದವು. ಅಲ್ಲಿ ಅಂತರ್ಜಲ ಇಳಿದಾಗ ಅಪಾಯ ಹೆಚ್ಚು, ಯಾಕೆಂದರೆ ಚಾವಣಿಗೆ ಒತ್ತು ಕೊಡುತ್ತಿದ್ದ ನೀರು ಹೋಗುತ್ತದೆ.

ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಆದದ್ದೂ 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯಲ್ಲಿ ಆದದ್ದೂ ಇದಕ್ಕೆ ತಲೆಕೆಳಗು. ದಪ್ಪ ಮಣ್ಣು ಮಿತಿಮೀರಿ ನೀರು ಕುಡಿದು, ಭಾರ ಹೆಚ್ಚಿ, ಹಿಡಿತ ಕಳೆದುಕೊಂಡು ಇಳಿಜಾರಿನಲ್ಲಿ ಜಾರಿತು. ಮನೆಗೆಂದೋ ರಸ್ತೆಗೆಂದೋ ಗುಡ್ಡದ ಬುಡ ಕಡಿದ ಕಡೆ ಹಿಡಿತ ಮೊದಲೇ ಸಡಿಲವಾಗಿರುತ್ತದೆ. ಗೊಂದಲಕ್ಕೆ ಕಾರಣವಾಗುವ ಇನ್ನೊಂದು ಸಂಗತಿಯೂ ಇದೆ. ಮಣ್ಣಿನ ಪದರದೊಳಗೆ ನೀರು ಸಣ್ಣ ಸುರಂಗ ಕೊರೆದು, ಮೇಲೆ ನೆಲ ಕುಸಿದು ಗುಂಡಿ ಬೀಳುವುದುಂಟು. ನೋಡಲು ಕಾರ್ಸ್ಟ್ ಹಾಗೇ, ಆದರೆ ಅಲ್ಲಿ ಕಲ್ಲು ಕರಗಿಲ್ಲ, ಮಣ್ಣು ಕೊಚ್ಚಿಹೋಗಿದೆ. ಮನೆ ಹಿಂದಿನ ಗುಡ್ಡದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ಒರತೆ, ವಾಲಿದ ಸಿಲ್ವರ್ ಓಕ್ ಕಂಡರೆ ಹೆಸರು ಯಾವುದೆಂದು ಯೋಚಿಸುತ್ತ ಕೂರದೆ ಜಾಗ ಬಿಡಿ.

ಸುಣ್ಣಕಲ್ಲಿನ ಒರತೆ ನೀರು ಕಲ್ಲಲ್ಲಿ ಸೋಸಿ ಬರುತ್ತಲ್ಲ, ಶುದ್ಧ ಇರಬೇಕಲ್ವಾ?

ತಿಳಿಯಾಗಿರುತ್ತದೆ, ಶುದ್ಧವೆಂಬ ಭರವಸೆಯಿಲ್ಲ. ಕೊಡಗಿನ ಮಣ್ಣಿನಲ್ಲಿ ನೀರು ಕಾಳುಕಾಳಿನ ನಡುವೆ ನುಸುಳಿ ಬರುತ್ತದೆ. ಸುಣ್ಣಕಲ್ಲಿನಲ್ಲಿ ಅದು ತೆರೆದ ಕೊಳವೆಯಲ್ಲಿ ಓಡುತ್ತದೆ. ಮೇಲಿನ ಕುಳಿಗೆ ಸುರಿದ ಕೊಳಕು ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕಿಲೋಮೀಟರುಗಟ್ಟಲೆ ದೂರದ ಒರತೆಯಲ್ಲಿ ಎದ್ದೀತು. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಕುಳಿಯಲ್ಲಿ ಹಾನಿಯಿಲ್ಲದ ಬಣ್ಣ ಸುರಿದು ಒರತೆಗಳಲ್ಲಿ ಕಾಯುವುದು ಇವತ್ತಿಗೂ ನಡೆಯುವ ವಿಧಾನ. ಜಗತ್ತಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಇಂಥ ನೀರನ್ನೇ ಕುಡಿಯುತ್ತಾರೆ.

ಕಾಫಿ ತೋಟಕ್ಕೆ ಹಾಕಿದ ಸುಣ್ಣ ಕೆಲವು ಮಳೆಗಾಲ ಕಳೆದ್ರೆ ಎಲ್ಲಿ ಹೋಗುತ್ತೆ?

ಕರಗಿ ಕೊಲ್ಲಿಗೆ, ಅಲ್ಲಿಂದ ಕಾವೇರಿಗೆ. ತೋಟದಲ್ಲಿ ಎರಚುವ ಕೃಷಿ ಸುಣ್ಣ ಎಂದರೆ ಪುಡಿಯಾದ ಸುಣ್ಣಕಲ್ಲು ಅಥವಾ ಡೊಲೊಮೈಟ್. ಡೊಲೊಮೈಟಿನಲ್ಲಿ ಮೆಗ್ನೀಷಿಯಂ ಕೂಡ ಇದೆ, ಕರಗುವುದು ನಿಧಾನ. ಮಣ್ಣಿನ ಹುಳಿ ಅದನ್ನು ಕರಗಿಸುತ್ತದೆ, ಕರಗುತ್ತ ಅದು ಹುಳಿಯನ್ನು ತಗ್ಗಿಸುತ್ತದೆ. ಪುಡಿ ಎಷ್ಟು ನುಣ್ಣಗೋ ಅಷ್ಟು ಬೇಗ. ಇತ್ತ ಮಳೆ ಕ್ಯಾಲ್ಸಿಯಂ ತೊಳೆಯುತ್ತದೆ, ಅತ್ತ ಅಮೋನಿಯಂ ಗೊಬ್ಬರ ಹೊಸ ಹುಳಿ ಹುಟ್ಟಿಸುತ್ತದೆ. ಪಿಎಚ್ 6ರ ಮೇಲೆ ನಿಲ್ಲಿಸಬೇಕೆಂದರೆ ಮತ್ತೆ ಮತ್ತೆ ಹಾಕಲೇಬೇಕು. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಹೇಳಲಿ, ಪಕ್ಕದ ತೋಟದವರಲ್ಲ. ಸುಣ್ಣವನ್ನೂ ಅಮೋನಿಯಂ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಗುಹೆಯ ಕಂಬದಿಂದ ಹಳೇ ಕಾಲದ ಮಳೆ ಲೆಕ್ಕ ಹಾಕ್ತಾರಂತೆ. ಹೇಗೆ?

ನೆಲದಿಂದ ಎದ್ದ ಕಂಬವನ್ನು ಉದ್ದಕ್ಕೆ ಸೀಳಿದರೆ ಪದರಗಳು ಕಾಣುತ್ತವೆ. ಪದರದಲ್ಲಿ ಸಿಕ್ಕಿಬಿದ್ದ ಯುರೇನಿಯಂ ಎಷ್ಟು ಪಾಲು ಥೋರಿಯಂ ಆಗಿದೆ ಎಂಬುದರಿಂದ ವಯಸ್ಸು ಸಿಗುತ್ತದೆ, ಸುಮಾರು ಐದು ಲಕ್ಷ ವರ್ಷದವರೆಗೂ. ಅದೇ ಪದರದ ಆಮ್ಲಜನಕದಲ್ಲಿ ಹಗುರ ಮತ್ತು ಭಾರದ ಪರಮಾಣುಗಳ ಪ್ರಮಾಣ ಆ ಕಾಲದ ಮಳೆಯ ಗುರುತು ಹೇಳುತ್ತದೆ. ನಮ್ಮ ಮುಂಗಾರಿನಲ್ಲಿ, ಒಟ್ಟಾರೆ ಹೇಳುವುದಾದರೆ, ಮಳೆ ಜೋರಾದಷ್ಟೂ ಭಾರದ ಆಮ್ಲಜನಕ ಕಡಿಮೆ.

ಮೇಘಾಲಯದ ಸೊಹ್ರಾ ಬಳಿಯ ಮಾವ್ಮ್ಲುಹ್ ಗುಹೆಯ ಒಂದು ಕಂಬದಲ್ಲಿ ಸುಮಾರು 4,200 ವರ್ಷ ಹಿಂದೆ ಮುಂಗಾರು ಸೊರಗಿದ ಗುರುತು ಸಿಕ್ಕಿತು. 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ಅಲ್ಲಿಂದ ಇಂದಿನವರೆಗಿನ ಕಾಲಕ್ಕೆ ಮೇಘಾಲಯನ್ ಯುಗ ಎಂಬ ಹೆಸರನ್ನು ಒಪ್ಪಿತು. ಕೊಡಗಿನಲ್ಲಿ ಇಂಥ ದಾಖಲೆ ಹುಡುಕಲು ಕಂಬಗಳಿಲ್ಲ. ಇಲ್ಲಿ ಕೆರೆ ಮತ್ತು ಜವುಗಿನ ಕೆಸರಿನಲ್ಲಿ ಉಳಿದ ಪರಾಗವನ್ನೇ ನೋಡಬೇಕು.

ಸುಣ್ಣಕಲ್ಲು ಕರಗುವಾಗ ಕಾರ್ಬನ್ ಡೈಆಕ್ಸೈಡ್ ಹೀರುತ್ತೆ ಅಂದ್ರಲ್ಲ, ಹಾಗಾದ್ರೆ ಹವೆಗೆ ಒಳ್ಳೇದೇ ಅಲ್ವಾ?

ಬಹಳ ದೊಡ್ಡ ಕಾಲದ ಲೆಕ್ಕದಲ್ಲಿ ಲಾಭ–ನಷ್ಟ ಸೊನ್ನೆ. ಕರಗುವಾಗ ಹೀರಿದಷ್ಟನ್ನೇ, ಆ ಕ್ಯಾಲ್ಸಿಯಂ ಸಮುದ್ರದಲ್ಲಿ ಮತ್ತೆ ಸುಣ್ಣಕಲ್ಲಾಗುವಾಗ ಬಿಟ್ಟುಕೊಡುತ್ತದೆ. ಸಿಮೆಂಟಿಗಾಗಿ ಸುಟ್ಟರೆ ಕಲ್ಲಿನೊಳಗಿನ ಅನಿಲ ಬಿಟ್ಟುಕೊಡುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಗಾಳಿಯಿಂದ ಕಾರ್ಬನ್ನನ್ನು ನಿಜವಾಗಿ ತೆಗೆದು ಇಡುವುದು ಕೊಡಗಿನಂಥ ಕಲ್ಲು ಕೊಳೆಯುವ ಕೆಲಸ. ಫೆಲ್ಡ್‌ಸ್ಪಾರಿನ ಕ್ಯಾಲ್ಸಿಯಂ ನೀರಿಗೆ ಬಂದಾಗ ಎರಡು ಪಾಲು ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದೆ, ಸಮುದ್ರದಲ್ಲಿ ಕಲ್ಲಾಗುವಾಗ ಒಂದನ್ನೇ ಬಿಡುತ್ತದೆ. ಬಿಸಿ, ಮಳೆ, ಕಡಿದಾದ ಇಳಿಜಾರು ಇದ್ದ ಕಡೆ ಈ ಕೆಲಸ ಚುರುಕು, ಹಾಗಾಗಿ ಪಶ್ಚಿಮ ಘಟ್ಟದ ನದಿಗಳ ನೀರನ್ನು ಅಳೆಯುವವರಿಗೆ ಕಾವೇರಿಯ ಬೈಕಾರ್ಬೊನೇಟ್ ಮುಖ್ಯವಾಗುತ್ತದೆ.